ಕುಟ್ಟುವವರು, ತಳ್ಳುವವರು, ಬೀಸುವವರು

ಚಿತ್ರದುರ್ಗದ ಪೇಟೆಯ ವರ್ತಕರು ಕೂಡಿ ನಡೆಸುತ್ತಿದ್ದ ಶಾಲೆಯ ಡ್ರಿಲ್ ಮೇಷ್ಟ್ರು ಪಂಚಾಕ್ಷರಪ್ಪನ ಪಾಲಿಗೆ ಲೋಕದಲ್ಲಿ ಇದ್ದದ್ದು ಮೂರೇ ಜಾತಿ. ಕುಟ್ಟುವವರು, ತಳ್ಳುವವರು, ಬೀಸುವವರು. ಒಬ್ಬ ಮನುಷ್ಯನ ಕುಲ ಯಾವುದು, ಮಠ ಯಾವುದು, ಮನೆತನ ಎಂಥದು ಎಂದು ಕೇಳುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ. ಮುಂದೆ ಒಂದು ಚೆಂಡು ಇಟ್ಟು "ಒದಿ" ಎಂದರೆ ಸಾಕು, ಆ ಮನುಷ್ಯನ ಹಣೆಬರಹವೆಲ್ಲ ಸೊಂಟದಿಂದ ಕೆಳಗೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಕಂಡದ್ದನ್ನು ಬಾಯೊಳಗೇ ನುಂಗಿಕೊಳ್ಳುವ ಅಭ್ಯಾಸವಿದ್ದಿದ್ದರೆ ಚೆನ್ನಾಗಿತ್ತು. ಅದೊಂದು ಮಾತ್ರ ಅವನಿಗೆ ಇರಲಿಲ್ಲ.

ಕುಟ್ಟುವವನು ಚೆಂಡಿನ ಎದುರಿಗೆ ನೆಟ್ಟಗೆ ಓಡಿ ಬರುತ್ತಾನೆ, ತಪ್ಪಿಸಿಕೊಂಡ ಕೋಳಿಯ ಹಿಂದೆ ಬಿದ್ದವನ ಹಾಗೆ. ಊರಬೇಕಾದ ಕಾಲನ್ನು ಎಲ್ಲಿ ಊರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಕೈಗಳೆರಡೂ ಪಕ್ಕೆಗೆ ಅಂಟಿರುತ್ತವೆ, ಮೈ ಹಿಂದಕ್ಕೆ ವಾಲಿರುತ್ತದೆ. ತೊಡೆಯಿಂದ ಪಾದದವರೆಗೆ ಇಡೀ ಕಾಲು ಒನಕೆಯಂತೆ ಒಂದೇ ತುಂಡಾಗಿ ಬಂದು ಹೆಬ್ಬೆರಳಿನಿಂದ ಚೆಂಡಿಗೆ ಗುದ್ದುತ್ತದೆ. ಚೆಂಡು ಒಂದು ಕಡೆ ಹೋದರೆ ಉಗುರು ಇನ್ನೊಂದು ಕಡೆ. ತಳ್ಳುವವನು ಇವನಿಗಿಂತ ಒಂದು ಮೆಟ್ಟಿಲು ಮೇಲೆ, ಆದ್ದರಿಂದಲೇ ಇವನಿಗಿಂತ ಅಸಹ್ಯ. ಬೆರಳಿನಿಂದಲ್ಲ, ಪಾದದ ಬೆನ್ನಿನಿಂದ ಒದೆಯಬೇಕೆಂದು ಯಾರೋ ಅವನ ಕಿವಿಯಲ್ಲಿ ಊದಿರುತ್ತಾರೆ. ಆದರೆ ಊರುವ ಕಾಲು ಚೆಂಡಿಗಿಂತ ಮೊಳದಷ್ಟು ಹಿಂದೆಯೇ ನಿಂತುಬಿಡುತ್ತದೆ, ತೊಡೆ ಮೊಣಕಾಲು ಎರಡೂ ಜೊತೆಯಾಗಿಯೇ ಹೊರಡುತ್ತವೆ. ಚೆಂಡೇನೋ ಹೋಗುತ್ತದೆ. ಬಾಗಿಲವರೆಗೆ ಹೋಗಿ ನೆಂಟರನ್ನು ಕಳಿಸಿಕೊಟ್ಟ ಹಾಗೆ ಹೋಗುತ್ತದೆ.

ಇನ್ನು ಬೀಸುವವನು. ಅವನು ಓರೆಯಾಗಿ ಬಂದು ಎಡಗಾಲನ್ನು ಚೆಂಡಿನ ಮಗ್ಗುಲಿಗೇ ಊರುತ್ತಾನೆ. ಮೊದಲು ಸೊಂಟ ತಿರುಗುತ್ತದೆ, ಅದರ ಬೆನ್ನಿಗೆ ತೊಡೆ ಬರುತ್ತದೆ, ಆಗಿನ್ನೂ ಮೊಣಕಾಲು ಮಡಿಚಿಕೊಂಡೇ ಇರುತ್ತದೆ. ತೊಡೆ ತನ್ನ ಓಟವನ್ನು ತಡೆದ ಕ್ಷಣ ಮೊಣಕಾಲಿನ ಕೆಳಗಿನ ಕಾಲು ಬಾರುಕೋಲಿನ ತುದಿಯಂತೆ ಬಿಚ್ಚಿಕೊಂಡು ಹಾರುತ್ತದೆ. ಪಾದದ ಕೀಲು ಗಟ್ಟಿಯಾಗಿರುತ್ತದೆ, ಎದುರು ಪಕ್ಕದ ಕೈ ಮೈಗೆ ಅಡ್ಡಲಾಗಿ ಬೀಸುತ್ತದೆ. ಒದ್ದ ಮೇಲೂ ಕಾಲು ನಿಲ್ಲುವುದಿಲ್ಲ, ಚೆಂಡು ಹೋದ ದಾರಿಯಲ್ಲೇ ಎದೆಮಟ್ಟಕ್ಕೆ ಏಳುತ್ತದೆ. ಇಂಥ ಒದೆತವನ್ನು ಪಂಚಾಕ್ಷರಪ್ಪ ಬೆಂಗಳೂರಿನ ದಂಡಿನಲ್ಲಿ ಬಿಳಿ ಸೋಲ್ಜರುಗಳು ಆಡುವಾಗ ಕಂಡಿದ್ದ. ಬೇಲಿಯಾಚೆ ನಿಂತು ಕಣ್ಣಿಟ್ಟು ನೋಡಿದ್ದ. ಆಮೇಲೆ ಮಾವನ ಮನೆಯ ಕಣದಲ್ಲಿ ಬಟ್ಟೆಯುಂಡೆ ಒದ್ದು ಒದ್ದು ಕಲಿತಿದ್ದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಇಷ್ಟು ಸೀಮೆಗೂ ಬೀಸುವವನು ಒಬ್ಬನೇ ಎಂಬುದು ಅವನ ತೀರ್ಮಾನ. ಆ ಒಬ್ಬ ಯಾರೆಂದು ಕೇಳುವಷ್ಟು ದಡ್ಡರು ಯಾರೂ ಇರಲಿಲ್ಲ.

ಮಹಾರಾಜರ ಸರ್ಕಾರ ಶಾಲೆಗಳಲ್ಲಿ ಡ್ರಿಲ್ಲು ಕಲಿಸಬೇಕೆಂದು ಹೇಳುತ್ತಿದ್ದ ಕಾಲ ಅದು, ಆದ್ದರಿಂದ ಅವನಿಗೆ ಕೆಲಸ ಸಿಗುವುದು ಕಷ್ಟವಾಗಿರಲಿಲ್ಲ. ಉಳಿಯುವುದು ಕಷ್ಟವಾಗಿತ್ತು. ಹೊಳಲ್ಕೆರೆಯಲ್ಲಿ ಹಿರಿಯ ಮೇಷ್ಟ್ರು ಒಂದು ದಿನ ಹುಮ್ಮಸ್ಸಿಗೆ ಚೆಂಡು ಒದ್ದರು. "ನಿಮ್ಮ ಕಾಲಿಗಿಂತ ನಿಮ್ಮ ಮಂಚದ ಕಾಲು ವಾಸಿ" ಎಂದು ಇವನು ಹುಡುಗರ ಮುಂದೆಯೇ ಅಂದ. ಹೊಸದುರ್ಗದಲ್ಲಿ ಇನ್ಯಾರೋ ದೊಡ್ಡ ಮನುಷ್ಯರ ಅಳಿಯನಿಗೆ ಇಂಥದೇ ಒಂದು ಮಾತು. ಎರಡೂ ಊರಿನಿಂದ ಪಾತ್ರೆ ಪಡಗ ಗಾಡಿಗೆ ಹೇರಿದ್ದಾಯಿತು. ದುರ್ಗಕ್ಕೆ ಬಂದಿಳಿದ ದಿನವೇ ಹೆಂಡತಿ ಕೊಟ್ರಮ್ಮ ಒಲೆ ಹೂಡುತ್ತ ಹೇಳಿಬಿಟ್ಟಿದ್ದಳು.

"ನೋಡ್ರಿ, ಈ ಊರೂ ಬಿಡಿಸಿದ್ರೆ ನಾನಂತೂ ಇನ್ನೊಂದು ಊರಾಗೆ ಒಲೆ ಹೂಡಲ್ಲ. ಆದಿವಾಲಕ್ಕೆ ನಮ್ಮಪ್ಪನ ಮನೆಗೆ ಹೋಗ್ತೀನಿ. ನೀವು ಆ ಚೆಂಡಿನ ಜೊತೆ ಸಂಸಾರ ಮಾಡ್ರಿ."

ಅವಳು ಹೇಳಿದರೆ ಹೇಳಿದ ಹಾಗೆಯೇ ಮಾಡುವವಳು. ಅದು ಪಂಚಾಕ್ಷರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಲೋಕದಲ್ಲಿ ಅವನು ತಾತ್ಸಾರ ಮಾಡದ ಜೀವ ಎಂದರೆ ಅವಳೊಬ್ಬಳೇ.

ಆದರೂ ಬಾಯಿ ಕೇಳಬೇಕಲ್ಲ. ದುರ್ಗದ ಕೆಲಸವಿನ್ನೂ ಹಂಗಾಮಿ. ಕಾಯಂ ಮಾಡಬೇಕೋ ಬೇಡವೋ ಎಂದು ದಸರಾ ಆದ ಮೇಲೆ ಹೇಳುವುದಾಗಿ ಶಾಲೆಯ ಕಮಿಟಿಯ ಯಜಮಾನ ಶಿವಕುಮಾರಪ್ಪ ತಿಳಿಸಿದ್ದ. ಹತ್ತಿಯ ವ್ಯಾಪಾರದವನು, ಮೈ ದಪ್ಪ, ಮಾತು ಸಣ್ಣದು. ಕಮಿಟಿ ಕೂತಿದ್ದ ದಿನ ಎಲ್ಲರ ಎದುರಿಗೆ ತಾಂಬೂಲ ಮೆಲ್ಲುತ್ತ ಕೇಳಿದ.

"ಅಲ್ರಿ ಮೇಷ್ಟ್ರೇ, ಒದೆಯೋದನ್ನ ಕಲಿಸಾಕೆ ಒಬ್ಬ ಮೇಷ್ಟ್ರು ಬೇಕೇನ್ರಿ? ನಮ್ಮ ಕೊಟ್ಟಿಗೆ ಎಮ್ಮೆಗೆ ಯಾರು ಕಲಿಸಿದ್ರು?"

ಕಮಿಟಿಯವರು ನಕ್ಕರು. ಪಂಚಾಕ್ಷರಪ್ಪನ ಕಿವಿ ಬಿಸಿಯಾಯಿತು.

"ಎಮ್ಮೆ ಹಿಂದಕ್ಕೆ ಒದೀತದೆ ಯಜಮಾನ್ರೇ, ನಾನು ಮುಂದಕ್ಕೆ ಒದೆಯೋದು ಕಲಿಸ್ತೀನಿ. ವಿಜಯದಶಮಿ ದಿನ ಹಿರಿಯೂರಿನವರ ಮೇಲೆ ನಮ್ಮೂರಿನ ಆಟ ಐತೆ. ನಾನು ಪಳಗಿಸಿದ ಗುಂಪು ಸೋತ್ರೆ ನೀವು ಬಿಡಿಸೋದೇನೂ ಬ್ಯಾಡ. ನಾನೇ ಅವತ್ತು ಗಂಟು ಕಟ್ತೀನಿ."

"ಹಂಗಾರೆ ಹಗ್ಗ ತಂದಿಟ್ಕಳ್ರಿ," ಎಂದ ಶಿವಕುಮಾರಪ್ಪ.

ಗುಂಪು ಎಂದರೆ ಏನು? ಎರಡು ಮೂರು ಮೇಷ್ಟ್ರುಗಳು, ಕಚೇರಿಯ ಗುಮಾಸ್ತರು, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದ ಪ್ರಾಯದವರು. ಎಲ್ಲರೂ ಪಂಚೆ ಕಚ್ಚೆ ಹಾಕಿ ಬರಿಗಾಲಲ್ಲಿ ಆಡುವವರು. ತಾಲ್ಲೂಕು ಕಚೇರಿಯ ಗುಮಾಸ್ತ ಈರಬಸಪ್ಪ ಆಳು ಆನೆಯಂತಿದ್ದ, ಶುದ್ಧ ಕುಟ್ಟುವವನು. ಮದಕರಿಪುರದ ಹೊಲಗದ್ದೆಯವನಾದ ತಿಮ್ಮರಾಯಪ್ಪ ತಳ್ಳುವವನು. "ಲೇ ಈರಬಸಪ್ಪ, ಅದು ಚೆಂಡು ಕಣೋ, ಸುಗ್ಗಿ ಭತ್ತ ಅಲ್ಲ!" "ತಿಮ್ಮರಾಯಪ್ಪ, ಚೆಂಡಿಗೆ ದಾರಿ ಖರ್ಚು ಕೊಟ್ಟು ಕಳಿಸ್ತೀಯೇನಪ್ಪ?" ಎಂದು ಪಂಚಾಕ್ಷರಪ್ಪ ಬೆಟ್ಟದ ಬುಡದ ಬಯಲಲ್ಲಿ ದಿನಾ ಸಂಜೆ ಕೂಗುವುದು ಪೇಟೆಗೆಲ್ಲ ಕೇಳುತ್ತಿತ್ತು. ಅವರು ಬೈಸಿಕೊಂಡು ಬೈಸಿಕೊಂಡೇ ಸ್ವಲ್ಪ ಕಲಿತರು. ಈರಬಸಪ್ಪ ಎಡಗಾಲನ್ನು ಚೆಂಡಿನ ಹತ್ತಿರಕ್ಕೆ ತಂದ. ತಿಮ್ಮರಾಯಪ್ಪನ ಮೊಣಕಾಲು ತೊಡೆಯನ್ನು ಬಿಟ್ಟು ಸ್ವಲ್ಪ ತಡವಾಗಿ ಬಿಚ್ಚಿಕೊಳ್ಳಲು ಶುರುಮಾಡಿತು. ಆದರೆ ಒಂದು ರೋಗವನ್ನು ಮಾತ್ರ ಅವನ ಬೈಗುಳವೂ ವಾಸಿ ಮಾಡಲಿಲ್ಲ. ಆಟದ ಭರದಲ್ಲಿ ಒಬ್ಬನ ಕಾಲು ಇನ್ನೊಬ್ಬನಿಗೆ ತಾಗಿದರೆ ಸಾಕು, ತಾಗಿಸಿದವನು ಅಲ್ಲೇ ನಿಂತು, ಬಗ್ಗಿ ಅವನನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವನು. ಅಷ್ಟರಲ್ಲಿ ಚೆಂಡು ಊರು ಸೇರಿರುತ್ತಿತ್ತು.

"ಥೂ! ಇದೇನು ಆಟವೋ, ಮದುವೆ ಮನೆಯೋ? ಕಾಲಿಗೆ ಕಾಲು ತಾಗದೆ ಏನು ಕೊಂಬು ತಾಗ್ತದೇನ್ರಲೇ?"

"ಕೈ ತಾನೇ ಹೋಗ್ತದ್ರಿ," ಎನ್ನುವನು ತಿಮ್ಮರಾಯಪ್ಪ ಸಂಕೋಚದಿಂದ.

"ತಾನೇ ಹೋಗಾಕೆ ಅದೇನು ನಿನ್ನ ಕೈಯೋ, ನಿಮ್ಮಜ್ಜಂದೋ?"

ಇಷ್ಟರಲ್ಲಿ ಇನ್ನೊಂದು ವಿಘ್ನ ಬಂತು. ಚೆಂಡು ಚರ್ಮದ್ದು ಎಂಬುದು ಪೇಟೆಯ ಮನೆಗಳಿಗೆ ತಡವಾಗಿ ತಲೆಗೆ ಹೋಯಿತು. ಯಾವ ಪ್ರಾಣಿಯ ಚರ್ಮವೋ ಏನೋ, ಅದನ್ನು ಒದ್ದು ಆಡಿದ ಕಾಲಲ್ಲೇ ಮನೆಯೊಳಗೆ ಬರುತ್ತಾರೆ, ಪೂಜೆಯ ಕೋಣೆಯ ಮುಂದೆ ಓಡಾಡುತ್ತಾರೆ ಎಂದು ಗುಸುಗುಸು ಎದ್ದಿತು. ಗುಸುಗುಸು ಎಬ್ಬಿಸಿದವಳು ಶಿವಕುಮಾರಪ್ಪನ ತಾಯಿ ಮಹಾದೇವಮ್ಮ. ಊರಿನಲ್ಲಿ ಮಗನ ಮಾತು ನಡೆದರೆ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು, ಅಂದರೆ ಊರಿನಲ್ಲಿ ನಡೆಯುತ್ತಿದ್ದದ್ದೂ ಅವಳದೇ. ಮಾರನೆಯ ದಿನ ಬಯಲಿಗೆ ಬಂದವರು ಅರ್ಧಕ್ಕೆ ಅರ್ಧ ಮಂದಿ.

ಪಂಚಾಕ್ಷರಪ್ಪ ಹಲ್ಲು ಕಡಿದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡ. ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಹೊಳೆದ ಕೂಡಲೇ ನಗು ಬಂತು. ಈ ಜನಕ್ಕೆ ತರ್ಕ ಹೇಳಿ ಪ್ರಯೋಜನವಿಲ್ಲ, ಇವರ ಮದ್ದು ಇವರ ಮನೆಯಲ್ಲೇ ಇದೆ. ಮಹಾನವಮಿಯ ದಿನ ಶಾಲೆಯಲ್ಲಿ ಆಯುಧ ಪೂಜೆ ಇದ್ದೇ ಇತ್ತು. ಗಂಟೆ, ಭೂಪಟ, ಬಡಗಿಯ ಉಳಿ, ಡ್ರಿಲ್ಲಿನ ಮರದ ಗದೆಗಳು, ಎಲ್ಲವನ್ನೂ ಮಣೆಯ ಮೇಲೆ ಇಡುತ್ತಿದ್ದರು. ಅವನು ಮಹಾದೇವಮ್ಮನ ಮನೆಗೇ ಹೋಗಿ ಕೈಕಟ್ಟಿ ನಿಂತ.

"ಅಮ್ಮಾರೇ, ಮದ್ದಳೆ ಚರ್ಮದ್ದೇ ಅಲ್ಲೇನ್ರಿ? ಅದಕ್ಕೆ ಪೂಜೆ ಆಗಲ್ಲೇನ್ರಿ? ಚೆಂಡನ್ನೂ ಆಯುಧದ ಸಾಲಿನಾಗೆ ಇಡಾಣ. ಮಠದ ಅಯ್ಯನೋರು ಮುಟ್ಟಿ ವಿಭೂತಿ ಹಚ್ಚಲಿ. ನೀವೇ ಬಂದು ಮುಂದೆ ನಿಂತು ಮಾಡಿಸ್ರಿ."

ಮಹಾದೇವಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗೆ ಮಾಡಿದ್ರೆ ಮೈಲಿಗೆ ಎಲ್ಲಿ ಉಳೀತದೆ ಬಿಡಪ್ಪ," ಎಂದಳು. ಅವಳ ಮುಖದಲ್ಲಿ ಮೊದಲ ಸಲ ಸ್ವಲ್ಪ ಪ್ರಸನ್ನತೆ ಕಂಡಿತು.

ಮಹಾನವಮಿಯ ದಿನ ಆಟದವರೆಲ್ಲ ಸ್ನಾನ ಮಾಡಿ ಬಂದರು. ಊರಿಗಿದ್ದ ಒಂದೇ ಒಂದು ಚೆಂಡು ಮಣೆಯ ನಟ್ಟ ನಡುವೆ ಕೂತಿತ್ತು, ಮೈಮೇಲೆ ವಿಭೂತಿಯ ಮೂರು ಗೆರೆ, ತಲೆಯ ಮೇಲೆ ಚೆಂಡುಹೂವು. ಮಂಗಳಾರತಿ ಆಯಿತು. ಒಬ್ಬೊಬ್ಬರೇ ಬಂದು ಚೆಂಡನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಎಲ್ಲರಿಗಿಂತ ಮೊದಲು ಬಂದವನು ಪಂಚಾಕ್ಷರಪ್ಪ. ನಾಟಕ ಎಂದ ಮೇಲೆ ಪೂರಾ ಆಗಬೇಕಲ್ಲ? ಚೆಂಡಿನ ಮುಂದೆ ಉದ್ದಂಡ ಬಿದ್ದ, ಎದ್ದ, ಎರಡು ಕೈಯಿಂದಲೂ ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡ.

ಮನೆಗೆ ಬಂದು ಹೆಂಡತಿಯ ಮುಂದೆ ಬಿದ್ದು ಬಿದ್ದು ನಕ್ಕ. "ಮೂರು ಗೆರೆ ವಿಭೂತಿ ಕಣೇ! ಈ ಊರಿನ ಬುದ್ಧಿ ಇಷ್ಟೇ. ನಾಳೆ ನೋಡು, ಒಬ್ಬೊಬ್ಬನೂ ಹೆಂಗೆ ಒದೀತಾನೆ."

"ನೀವೂ ಉದ್ದಂಡ ಬಿದ್ರಂತೆ?"

"ಬಿದ್ದೆ. ಕುರಿ ಮುಂದೆ ಕುರಿ ಆಗದೆ ಇದ್ರೆ ಮಂದೆ ಹಿಂದೆ ಬರ್ತದೇನೇ?"

"ಕಣ್ಣಾಗೆ ನೀರಿತ್ತಂತೆ."

"ಧೂಪದ ಹೊಗೆ ಅದು," ಎಂದ ಪಂಚಾಕ್ಷರಪ್ಪ. ಆಮೇಲೆ ಅಷ್ಟಾಗಿ ನಗಲಿಲ್ಲ.

ವಿಜಯದಶಮಿಯ ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಬಯಲಿನ ಸುತ್ತ ಜನವೋ ಜನ. ಶಿವಕುಮಾರಪ್ಪ ಕಮಿಟಿಯವರ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮಹಾದೇವಮ್ಮ ಕಮಾನು ಗಾಡಿಯೊಳಗಿಂದಲೇ ನೋಡುತ್ತಿದ್ದಳು. ಆ ಗಾಡಿಯ ಪಕ್ಕ ಹೆಂಗಸರ ಗುಂಪಿನಲ್ಲಿ ಕೊಟ್ರಮ್ಮ ನಿಂತಿದ್ದಳು. ಹಿರಿಯೂರಿನವರು ಹಿಂದಿನ ರಾತ್ರಿಯೇ ಗಾಡಿ ಕಟ್ಟಿಕೊಂಡು ಬಂದಿಳಿದಿದ್ದರು. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವಾಗ ಬಂದು ನೆಲೆ ನಿಂತ ಗುಮಾಸ್ತರು ಅವರಲ್ಲಿ ಹೆಚ್ಚು. ಅವರ ಗೋಲು ಕಾಯಲು ನಿಂತವನು ಪಾಲಯ್ಯ ಎಂಬ ಸಣಕಲ. ಪಂಚಾಕ್ಷರಪ್ಪ ಒಂದು ಸಲ ಅವರ ಕಾಲುಗಳನ್ನೆಲ್ಲ ನೋಡಿಕೊಂಡ. ಪೂರಾ ಕುಟ್ಟುವವರು. ಗೆದ್ದೆ ಎಂದುಕೊಂಡ.

ತಾನು ಮಾತ್ರ ಗೋಲಿನಲ್ಲಿ ನಿಂತ. ಎಲ್ಲರ ಬೆನ್ನೂ ಕಾಣುವ, ಎಲ್ಲರನ್ನೂ ಬೈಯಲು ಅನುಕೂಲವಾದ ಜಾಗ ಅದು.

ಈರಬಸಪ್ಪ ಚೆಂಡನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ಬಯಲಿನ ನಡುವೆ ಬಂದ. ತಟ್ಟೆ ಯಾಕೆಂದು ಯಾರೂ ಕೇಳಲಿಲ್ಲ. ವಿಭೂತಿಯನ್ನು ಪಂಚಾಕ್ಷರಪ್ಪನೇ ಬೆಳಗ್ಗೆ ಒರೆಸಿದ್ದ, ಆದರೂ ಹೊಲಿಗೆಯ ಸಂದುಗಳಲ್ಲಿ ಬಿಳಿ ಉಳಿದಿತ್ತು. ಮಾರಿಕಣಿವೆಯ ಓವರ್ಸೀಯರ್ ಒಬ್ಬ ಸೀಟಿ ಊದಿದ. ಆನೆಯಂಥ ಈರಬಸಪ್ಪ ಧಡಧಡನೆ ಓಡಿ ಬಂದ, ಎಡಗಾಲನ್ನು ಹೇಳಿಕೊಟ್ಟ ಜಾಗದಲ್ಲೇ ಊರಿದ, ಬಲಗಾಲನ್ನು ಹಿಂದಕ್ಕೆ ಎತ್ತಿದ, ಅಷ್ಟೆ. ಮುಂದಕ್ಕೆ ಬಂದ ಕಾಲು ನಡುದಾರಿಯಲ್ಲೇ ಜೀವ ಕಳಕೊಂಡಿತು. ಮಲಗಿದ ಮಗುವನ್ನು ಪಕ್ಕಕ್ಕೆ ಸರಿಸುವ ಹಾಗೆ ಅವನು ಚೆಂಡನ್ನು ಪಾದದ ಮಗ್ಗುಲಿನಿಂದ ಸರಿಸಿದ.

"ಲೇ, ಊಟ ಮಾಡಿಲ್ವೇನೋ!" ಎಂದು ಗೋಲಿನಿಂದ ಕೂಗು ಬಂತು.

ಮುಂದಿನದು ಇನ್ನೂ ಚೆಂದ. ತಿಮ್ಮರಾಯಪ್ಪನ ಸೊಂಟ ತಿರುಗಿತು, ತೊಡೆ ಬಂತು, ಮೊಣಕಾಲು ಬಿಚ್ಚಿಕೊಳ್ಳಬೇಕಾದ ಹೊತ್ತಿಗೆ ಬಿಚ್ಚಿಕೊಳ್ಳಲಿಲ್ಲ. ಪಾದದ ಕೀಲು ಹಸಿ ಹಿಟ್ಟಿನಂತೆ ಮೆತ್ತಗಾಯಿತು. ದುರ್ಗದವರು ಯಾರು ಒದ್ದರೂ ಇದೇ ಕಥೆ. ಪಂಚಾಕ್ಷರಪ್ಪ ತನ್ನ ಮೂರು ಜಾತಿಗಳಲ್ಲಿ ಇವರನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದೆ ಕಕ್ಕಾಬಿಕ್ಕಿಯಾದ. ಕುಟ್ಟುವವನ ಕಾಲಿಗೆ ಬುದ್ಧಿಯಿಲ್ಲದಿದ್ದರೂ ಬಲವಿರುತ್ತದೆ. ಇವರ ಕಾಲು ಬಲವನ್ನು ಸೊಂಟದಿಂದ ತಂದು, ತೊಡೆ ದಾಟಿಸಿ, ಚೆಂಡಿನ ಹತ್ತಿರ ಬಂದು ವಾಪಸು ತೆಗೆದುಕೊಳ್ಳುತ್ತಿತ್ತು. ಇಂಥ ನೀಚ ಒದೆತವನ್ನು ಅವನು ಹೊಳಲ್ಕೆರೆಯಲ್ಲೂ ಕಂಡಿರಲಿಲ್ಲ.

ಹಿರಿಯೂರಿನವರಿಗೆ ಪೂಜೆಯ ಸುದ್ದಿ ಗೊತ್ತಿರಲಿಲ್ಲ, ಅವರು ನೆಮ್ಮದಿಯಾಗಿ ಕುಟ್ಟುತ್ತಿದ್ದರು. ಅವರಲ್ಲೊಬ್ಬ ಕಣ್ಣು ಮುಚ್ಚಿ ಕುಟ್ಟಿದ ಚೆಂಡು ಕಲ್ಲಿಗೆ ಬಡಿದು, ದಿಕ್ಕು ತಪ್ಪಿ ಪಂಚಾಕ್ಷರಪ್ಪನ ಮೊಣಕೈ ಸವರಿಕೊಂಡು ಗೋಲಿನೊಳಗೆ ಹೋಯಿತು. ಕಮಿಟಿಯ ಕಡೆಯಿಂದ "ಹಗ್ಗ ತರಿಸಾಣೇನ್ರಿ?" ಎಂಬ ಮಾತೂ ನಗುವೂ ಕೇಳಿಸಿತು. ಪಂಚಾಕ್ಷರಪ್ಪ ಆ ಕಡೆ ನೋಡಲಿಲ್ಲ. ಗಾಡಿಯ ಪಕ್ಕ ನೋಡಿದ. ಕೊಟ್ರಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡು ನಿಂತಿದ್ದಳು.

ನಡುವಿನ ಬಿಡುವಿನಲ್ಲಿ ಎಲ್ಲರನ್ನೂ ಕೂಡಿಹಾಕಿ ನಿಲ್ಲಿಸಿದ.

"ಕಾಲಿಗೆ ಏನು ದೊಡ್ಡ ರೋಗ ಬಡಿದೈತ್ರಲೇ ನಿಮಗೆ?"

ತಿಮ್ಮರಾಯಪ್ಪ ತಲೆ ತಗ್ಗಿಸಿಕೊಂಡೇ ಬಾಯಿ ಬಿಟ್ಟ. "ನಿನ್ನೆ ಕೈ ಮುಗಿದಿದ್ದನ್ನ ಇವತ್ತು ಹೆಂಗ್ರಿ ಒದೆಯೋದು? ಮನಸ್ಸು ಒದಿ ಅಂತದೆ, ಕಾಲು ಕೇಳವಲ್ದು."

ಪಂಚಾಕ್ಷರಪ್ಪ ಬೈಯಲು ಶುರುಮಾಡಿದ. ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. "ಅದರೊಳಗೆ ಏನೈತೋ? ಗಾಳಿ! ಮೇಲೆ ಚರ್ಮ, ಒಳಗೆ ಗಾಳಿ! ಬೆಂಗಳೂರಿನ ಅಂಗಡಿಯಾಗೆ ಬುಟ್ಟಿ ತುಂಬ ಇಟ್ಟಿರ್ತಾರೆ ಇಂಥವನ್ನ, ಬದನೇಕಾಯಿ ಇಟ್ಟಂಗೆ! ನಿಮ್ಮ ಮನೆಯೋರ ಬಾಯಿ ಮುಚ್ಚಿಸಾಕೆ ಅಂತ ನಾನೇ ಹೂಡಿದ ಆಟ ಕಣ್ರಲೇ ಅದು. ಆ ಗೆರೆ ಹಚ್ಚಿಸಿದೋನು ನಾನು, ಒರೆಸಿದೋನೂ ನಾನು. ಕುರಿಗಳಾ! ಕುರಿನಾದ್ರೂ ಸಿಟ್ಟು ಬಂದ್ರೆ ಹಾಯ್ತದೆ."

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಹೋಗುವಾಗ ಈರಬಸಪ್ಪ ಚೆಂಡನ್ನು ಕಾಲಿನಿಂದ ಹೊರಳಿಸದೆ ಕೈಯಲ್ಲಿ ಎತ್ತಿಕೊಂಡೇ ಹೋದ.

ಆಟ ಮತ್ತೆ ಶುರುವಾಯಿತು. ಚೆಂಡು ಗೋಲಿಗೆ ಬಂದಾಗಲೆಲ್ಲ ಪಂಚಾಕ್ಷರಪ್ಪ ಅದನ್ನು ಹಿಡಿದು ಕೈಯಿಂದಲೇ ಎಸೆಯುತ್ತಿದ್ದ. ಒದ್ದರೆ ನಡುಬಯಲು ದಾಟೀತು, ಆದರೆ ಇಂಥವರಿಗೆ ಅಂಥ ಒದೆತ ಯಾಕೆ ದಂಡ ಎಂದುಕೊಳ್ಳುತ್ತಿದ್ದ. ಪ್ರತಿ ಸಲವೂ ಹಾಗೆಯೇ ಅಂದುಕೊಂಡ, ಪ್ರತಿ ಸಲವೂ ಕೈಯಿಂದಲೇ ಎಸೆದ. ಬೆಟ್ಟದ ನೆರಳು ಬಯಲಿನ ಮೇಲೆ ಚಾಚಿಕೊಂಡಿತು. ಜನ ಏಳತೊಡಗಿದರು. ಇನ್ನೇನು ಮುಗಿಯಿತು ಎನ್ನುವಾಗ ಹಿರಿಯೂರಿನವನೊಬ್ಬ ತನ್ನ ಗೋಲಿನ ಮುಂದೆ ಗಾಬರಿಯಲ್ಲಿ ಚೆಂಡನ್ನು ಎರಡು ಕೈಯಿಂದಲೂ ತಬ್ಬಿಕೊಂಡುಬಿಟ್ಟ. ಓವರ್ಸೀಯರ್ ಸೀಟಿ ಊದಿದ. ಪೆನಾಲ್ಟಿ.

ಚೆಂಡನ್ನು ಗೋಲಿನ ಎದುರಿಗಿಟ್ಟು ಒಬ್ಬನೇ ಒದೆಯಬೇಕು, ತಡೆಯುವವನು ಪಾಲಯ್ಯ ಒಬ್ಬನೇ. ಒಳಗೆ ಹೋದರೆ ಆಟ ಸಮ, ಸೋಲಲ್ಲ. ಗಂಟು ಕಟ್ಟುವ ಪ್ರಶ್ನೆಯಿಲ್ಲ, ಆದಿವಾಲದ ಮಾತಿಲ್ಲ. ದುರ್ಗದವರೆಲ್ಲ ಹಿಂದೆ ಸರಿದು ತಮ್ಮ ಮೇಷ್ಟ್ರನ್ನು ನೋಡಿದರು. ಪಂಚಾಕ್ಷರಪ್ಪ ಗೋಲು ಬಿಟ್ಟು ಇಡೀ ಬಯಲನ್ನು ಅಡ್ಡ ಹಾಯ್ದು ಬಂದ. ಬರುತ್ತ ಒಬ್ಬೊಬ್ಬರ ಮುಖವನ್ನೂ ನೋಡಿ ನಕ್ಕ.

"ಕಣ್ಣು ಬಿಟ್ಕಂಡು ನೋಡ್ರಿ," ಎಂದ. "ಬೀಸೋದು ಅಂದ್ರೆ ಏನು ಅಂತ ಒಂದು ಸಲನಾದ್ರೂ ನೋಡಿ ಸಾಯ್ರಿ. ತಲೆಯಿಂದ ಕಾಲಿನ ತನಕ ಒಂದೂ ಬಿಡದಂಗೆ ನೋಡ್ರಿ, ನಾಳೆ ಹಂಗೇ ಮಾಡಬೇಕು."

ಚೆಂಡಿನಿಂದ ಓರೆಯಾಗಿ ಹಿಂದೆ ಸರಿದು ನಿಂತ. ಪಾಲಯ್ಯನ ಎಡಗಡೆ ಮೂಲೆ ನೋಡಿಕೊಂಡ. ಹೊರಟ. ಹೆಜ್ಜೆಗಳು ಸಣ್ಣದರಿಂದ ದೊಡ್ಡದಾದವು, ಎಡಗಾಲು ಚೆಂಡಿನ ಮಗ್ಗುಲಿಗೆ, ಬೆರಳು ಗುರಿಯ ಕಡೆಗೆ, ಕೂದಲೆಳೆಯಷ್ಟೂ ತಪ್ಪದೆ ಊರಿತು. ಎಡಗೈ ಮೇಲೆದ್ದಿತು. ಸೊಂಟ ತಿರುಗಿತು, ತೊಡೆ ಬಂತು, ತೊಡೆ ತನ್ನ ಓಟವನ್ನು ತಡೆಯಿತು. ಈಗ ಮೊಣಕಾಲು ಬಿಚ್ಚಿಕೊಳ್ಳಬೇಕು. ಅವನ ಕಣ್ಣು ಚೆಂಡಿನ ಮೇಲೆಯೇ ಇತ್ತು, ಇರಬೇಕಾದದ್ದೂ ಅಲ್ಲೇ. ಹೊಲಿಗೆಯ ಸಂದಿನಲ್ಲಿ ಬಿಳಿ ಕಂಡಿತು.

ಕಾಲು ನಿಂತಿತು. ಅವನು ನಿಲ್ಲಿಸಲಿಲ್ಲ, ಅದು ನಿಂತಿತು. ಪಾದದ ಕೀಲು ಹಸಿ ಹಿಟ್ಟಾಯಿತು. ಚೆಂಡಿಗೆ ಪಾದ ತಾಗಿದ್ದು ಗೊತ್ತಾಗದಷ್ಟು ಮೆಲ್ಲಗೆ ತಾಗಿತು. ಚೆಂಡು ಹೊರಳುತ್ತ ಹೊರಳುತ್ತ ಹೋಗಿ ಪಾಲಯ್ಯನ ಮುಂದೆ ನಿಂತಿತು. ಇದರಲ್ಲೇನೋ ಮೋಸವಿದೆಯೆಂದು ಪಾಲಯ್ಯ ಸ್ವಲ್ಪ ಹೊತ್ತು ಅದನ್ನು ಮುಟ್ಟಲೇ ಇಲ್ಲ. ಆಮೇಲೆ ಬಗ್ಗಿ ಎತ್ತಿಕೊಂಡ.

ಅಷ್ಟಕ್ಕೇ ಮುಗಿದಿದ್ದರೆ ಪಂಚಾಕ್ಷರಪ್ಪ ಕಲ್ಲು ತಾಗಿತು, ಕಾಲು ಉಳುಕಿತು ಎಂದು ಏನಾದರೂ ಹೇಳಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾದರೂ ಆಗುತ್ತಿತ್ತು. ಆದರೆ ಅವನು ಬಗ್ಗಿದ. ಚೆಂಡಿದ್ದ ನೆಲವನ್ನು ಎರಡು ಕೈಯಿಂದಲೂ ಮುಟ್ಟಿದ, ಎರಡು ಕಣ್ಣಿಗೂ ಒತ್ತಿಕೊಂಡ. ಒತ್ತಿಕೊಂಡ ಮೇಲೆಯೇ ಅವನಿಗೆ ತಾನು ಮಾಡಿದ್ದು ಏನೆಂದು ಗೊತ್ತಾದದ್ದು. ಕೈ ಕಣ್ಣಿನ ಮೇಲೆಯೇ ಉಳಿಯಿತು, ತೆಗೆದರೆ ಎಲ್ಲರ ಮುಖ ನೋಡಬೇಕಲ್ಲ.

ಗಾಡಿಯೊಳಗಿಂದ ಮಹಾದೇವಮ್ಮನ ಧ್ವನಿ ಸ್ಪಷ್ಟವಾಗಿ ಕೇಳಿಸಿತು. "ಶಿವ ಶಿವ. ನೋಡ್ರೋ, ನೋಡಿ ಕಲೀರಿ."

ಸೀಟಿ ಊದಿ ಆಟ ಮುಗಿಯಿತು. ಹಿರಿಯೂರಿನವರು ಕುಣಿಯುತ್ತಿದ್ದರು. ಪಂಚಾಕ್ಷರಪ್ಪನ ಹತ್ತಿರ ಶಿವಕುಮಾರಪ್ಪ ತಾನೇ ಕುರ್ಚಿಯಿಂದ ಎದ್ದು ನಡೆದು ಬಂದ. ಹೆಗಲ ಮೇಲೆ ಕೈ ಹಾಕಿದ.

"ಗಂಟು ಗಿಂಟು ಏನೂ ಕಟ್ಟಬ್ಯಾಡ್ರಿ ಮೇಷ್ಟ್ರೇ. ಬೆಂಗಳೂರಿನ ನೀರು ಕುಡಿದೋರು, ದೇವರು ದಿಂಡರು ಇಲ್ಲದೋರು ಅಂತ ತಿಳಿದಿದ್ವಿ. ಗೆಲ್ಲೋ ಹೊತ್ತಿನಾಗೂ, ಕೆಲಸ ಹೋಗೋ ಹೊತ್ತಿನಾಗೂ ಕಾಲು ತಡೆದ್ರಲ್ಲ, ಇಂಥ ಮನುಷ್ಯ ನಮ್ಮ ಹುಡುಗ್ರಿಗೆ ಸಿಗೋದುಂಟೇನ್ರಿ? ಅವ್ವ ಆಗಲೇ ಹೇಳಿದ್ಲು. ಕಾಯಂ ಮಾಡೀವಿ ಅಂತ ತಿಳ್ಕಳ್ರಿ."

ನಾನು ತಡೆಯಲಿಲ್ಲ, ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ನಿನ್ನ ತಾಯಿಯ ವಿಭೂತಿಯನ್ನು ನೋಡಿ ನಕ್ಕವನು ನಾನು. ನಿಮ್ಮೆಲ್ಲರಿಗಿಂತ ದೊಡ್ಡ ಕುರಿಯೂ ನಾನೇ ಆಗಿಹೋದೆ. ಇಷ್ಟು ಮಾತೂ ಪಂಚಾಕ್ಷರಪ್ಪನ ನಾಲಿಗೆಯ ತುದಿಗೆ ಬಂದು ಕೂತವು. ಜನರ ಸಂದಿಯಲ್ಲಿ ಕೊಟ್ರಮ್ಮ ಕಂಡಳು. ಬಿಗಿಯಾಗಿದ್ದ ಸೆರಗು ಸಡಿಲವಾಗಿತ್ತು, ಅವಳು ನಗುತ್ತಿದ್ದಳು. ಹುಟ್ಟಿದ ಮೇಲೆ ಮೊದಲ ಸಲ ಅವನು ಕಂಡದ್ದನ್ನು ನುಂಗಿಕೊಂಡ. ಅದು ಗಂಟಲಲ್ಲಿ ಇಳಿಯುವಾಗ ಕಹಿಯಾಗಿತ್ತು.

"ತಮ್ಮ ದೊಡ್ಡತನ," ಎಂದ.

ಮಾರನೆಯ ಸಂಜೆ ಬಯಲಿಗೆ ಹೋದಾಗ ಆಟದವರು ಒಬ್ಬರೂ ತಪ್ಪದೆ ಬಂದಿದ್ದರು. ಶಿವಕುಮಾರಪ್ಪನೂ ತಾಯಿಯೊಂದಿಗೆ ಗಾಡಿಯಲ್ಲಿ ಬಂದು ಬಯಲಂಚಿನಲ್ಲಿ ನಿಲ್ಲಿಸಿಕೊಂಡಿದ್ದ. ಪಂಚಾಕ್ಷರಪ್ಪ ಯಾರ ಮುಖವನ್ನೂ ನೋಡದೆ, "ಒಬ್ಬೊಬ್ಬರಾಗಿ ಬರ್ರಿ, ಒದೀರಿ" ಎಂದ.

ಮೊದಲು ತಿಮ್ಮರಾಯಪ್ಪ ಬಂದ. ಓರೆಯಾಗಿ ಹಿಂದೆ ಸರಿದು ನಿಂತ. ಹೆಜ್ಜೆ ಸಣ್ಣದರಿಂದ ದೊಡ್ಡದಾಯಿತು. ಎಡಗಾಲು ಚೆಂಡಿನ ಮಗ್ಗುಲಿಗೆ ಊರಿತು, ಎಡಗೈ ಮೇಲೆದ್ದಿತು, ಸೊಂಟ, ತೊಡೆ, ಒಂದೂ ತಪ್ಪಲಿಲ್ಲ. ಆಮೇಲೆ ಪಾದವನ್ನು ಮೆತ್ತಗೆ ಮಾಡಿಕೊಂಡು ಚೆಂಡಿಗೆ ತಾಗಿಸಿದ. ಬಗ್ಗಿದ, ಎರಡು ಕೈಯಿಂದಲೂ ನೆಲ ಮುಟ್ಟಿದ, ಎರಡು ಕಣ್ಣಿಗೂ ಒತ್ತಿಕೊಂಡ. ಅವನ ಹಿಂದೆ ಬಂದ ಈರಬಸಪ್ಪನೂ ಅದನ್ನೇ ಮಾಡಿದ, ನೆಲ ಮುಟ್ಟಿದ್ದು ಮಾತ್ರ ಒಂದೇ ಕೈಯಿಂದ. ಅವನ ಹಿಂದಿನವನೂ ಅದನ್ನೇ ಮಾಡಿದ.

"ಇದೇನ್ರಲೇ ಇದು?" ಎಂದ ಪಂಚಾಕ್ಷರಪ್ಪ.

"ಬೀಸೋದು ಅಂದ್ರೆ ಏನು ಅಂತ ಒಂದೂ ಬಿಡದಂಗೆ ನೋಡ್ರಿ ಅಂದ್ರಲ್ರೀ," ಎಂದ ತಿಮ್ಮರಾಯಪ್ಪ, ಮುಖ ಅರಳಿಸಿಕೊಂಡು. "ನೋಡಿ ಕಲಿತ್ವಿ. ಕೊನೇಗೆ ಕಣ್ಣಿಗೆ ಒತ್ಕಳೋದು ಇರ್ತದೆ ಅಂತ ಇಷ್ಟು ದಿನ ನೀವು ಹೇಳೇ ಇರಲಿಲ್ಲ."

ಗಾಡಿಯ ಕಡೆಯಿಂದ ಮಹಾದೇವಮ್ಮ ತಲೆದೂಗುತ್ತಿದ್ದಳು. ಪಂಚಾಕ್ಷರಪ್ಪ ಬೈಯಲು ಬಾಯಿ ತೆರೆದ. ಗಾಡಿ ನೋಡಿದ, ಬೆಟ್ಟದ ಕೆಳಗೆ ತನ್ನ ಮನೆಯ ಹಂಚಿನ ಮೇಲೆ ಏಳುತ್ತಿದ್ದ ಒಲೆಯ ಹೊಗೆ ನೋಡಿದ, ತೆರೆದ ಬಾಯಿಯಿಂದಲೇ ಈರಬಸಪ್ಪನ ಕಡೆ ತಿರುಗಿದ.

"ಒಂದೇ ಕೈ ಅಲ್ಲಪ್ಪ ಈರಬಸಪ್ಪ," ಎಂದ. "ಎರಡೂ ಕೈ. ಇನ್ನೊಂದು ಸಲ ಮಾಡು."